ಸ್ಕ್ರೀಮ್, ಸ್ಕ್ರೀಚ್, ಸ್ಕ್ವಾಕ್: ಕರ್ಕಶ ದನಿಯ ಒಳಗುಟ್ಟು

ಇಂಗ್ಲಿಷ್ ಕಾದಂಬರಿಗಳನ್ನು ಓದುವವರಿಗೆಲ್ಲ ಈ ತೊಡಕು ಪರಿಚಿತ. ಒಂದು ಪುಟದಲ್ಲಿ ಯಾರೋ ಭಯಗೊಂಡು ‘ಸ್ಕ್ರೀಮ್’ ಮಾಡುತ್ತಾರೆ. ಮುಂದಿನ ಪುಟದಲ್ಲಿ ಗೂಬೆಯೊಂದು ‘ಸ್ಕ್ರೀಚ್’ ಎನ್ನುತ್ತದೆ. ಮಕ್ಕಳು ನೀರೆರಚಿಕೊಂಡು ‘ಸ್ಕ್ವೀಲ್’ ಮಾಡುತ್ತವೆ, ಪಂಜರದ ಗಿಳಿ ‘ಸ್ಕ್ವಾಕ್’, ಇಲಿ ‘ಸ್ಕ್ವೀಕ್’, ಕತ್ತಲ ಕೋಣೆಯಿಂದ ಬರುವುದು ‘ಶ್ರೀಕ್’. ನಿಘಂಟು ತೆರೆದು ನೋಡಿದರೆ ಎಲ್ಲದರ ಮುಂದೆಯೂ ಕಿರುಚು, ಚೀರು, ಅರಚು ಎಂಬ ಅವೇ ಎರಡು ಮೂರು ಮಾತುಗಳು ಹಿಂದುಮುಂದಾಗಿ ಕೂತಿರುತ್ತವೆ. ಸಂದರ್ಭ ನೋಡಿ ಅರ್ಥ ಮಾಡಿಕೊಂಡು ಓದು ಮುಂದುವರಿಸುತ್ತೇವೆ.

ಇಂಗ್ಲಿಷನ್ನೇ ಮನೆಮಾತಾಗಿ ಆಡುವವರು ಮಾತ್ರ ಇವುಗಳನ್ನು ಅದಲುಬದಲು ಮಾಡುವುದಿಲ್ಲ. ಇಲಿ ಸ್ಕ್ವಾಕ್ ಮಾಡಿತು ಎಂದರೆ ಐದು ವರ್ಷದ ಮಗುವೂ ತಲೆಯಾಡಿಸಿ ತಿದ್ದುತ್ತದೆ. ಹಾಗಾದರೆ ಅವರ ಕಿವಿ ಏನನ್ನು ಹಿಡಿದು ಈ ದನಿಗಳನ್ನು ವಿಂಗಡಿಸುತ್ತಿದೆ? ಇಷ್ಟು ಬೇರೆ ಬೇರೆ ಕೂಗುಗಳ ಹೆಸರುಗಳೆಲ್ಲ ‘ಸ್ಕ್ರ’, ‘ಸ್ಕ್ವ’, ‘ಶ್ರ’ ಎಂದು ಹೆಚ್ಚುಕಡಿಮೆ ಒಂದೇ ತೆರನಾಗಿ ಶುರುವಾಗುವುದಾದರೂ ಯಾಕೆ? ಮೊದಲ ಪ್ರಶ್ನೆಗೆ ಉತ್ತರ ಗಂಟಲಿನಲ್ಲಿದೆ. ಎರಡನೆಯದಕ್ಕೆ ಉತ್ತರದ ಒಂದು ಪಾಲು ಬಾಯಿಯಲ್ಲಿದೆ, ಇನ್ನೊಂದು ಪಾಲು ಇತಿಹಾಸದಲ್ಲಿ.

ಯಾರ ಪಾಲಿಗೆ ಯಾವ ಕೂಗು

ಮೊದಲು ಬಳಕೆ ನೋಡೋಣ. ಸ್ಕ್ವೀಕ್ ಎಂದರೆ ಸಣ್ಣದು, ಎತ್ತರದ್ದು, ಕ್ಷಣದಲ್ಲಿ ಮುಗಿಯುವಂಥದ್ದು. ಇಲಿಮರಿ, ಹೊಸ ಬೂಟು, ಎಣ್ಣೆ ಕಾಣದ ಸೈಕಲ್ಲಿನ ಪೆಡಲು. ಅದೇ ಎತ್ತರದ ದನಿ ಎಳೆದಂತೆ ಉದ್ದವಾದರೆ ಸ್ಕ್ವೀಲ್: ಹಿಡಿದ ಹಂದಿಮರಿ, ತಿರುವಿನಲ್ಲಿ ಕಾರಿನ ಟಯರು, ಖುಷಿಯಲ್ಲಿ ಕೇಕೆ ಹಾಕುವ ಮಗು. ಸ್ಕ್ವಾಕ್ ಅಷ್ಟು ಎತ್ತರದ್ದಲ್ಲ. ಅದು ಒಡಕು ದನಿ, ಗಿಡ್ಡ, ಒರಟು. ಕೋಳಿಯ ಕಾಲು ಹಿಡಿದಾಗ, ಗಿಳಿಗೆ ಸಿಟ್ಟು ಬಂದಾಗ ಕೇಳುವಂಥದ್ದು. ಸ್ಕ್ರೀಚ್‌ನಲ್ಲಿ ಎತ್ತರವೂ ಇದೆ, ಒರಟೂ ಇದೆ. ಶ್ರೀಕ್ ಅದರ ಒಡಹುಟ್ಟಿದ್ದು, ಆದರೆ ಹೆಚ್ಚಾಗಿ ಮನುಷ್ಯರದು, ತಟ್ಟನೆ ಹೊರಬಿದ್ದು ನಿಲ್ಲುವಂಥದ್ದು. ನಮ್ಮ ‘ಕಿಟಾರನೆ ಕಿರುಚು’ ಅದಕ್ಕೆ ಬಹಳ ಹತ್ತಿರ ಬರುತ್ತದೆ. ಸ್ಕ್ರೀಮ್ ಎಲ್ಲಕ್ಕಿಂತ ಅಗಲವಾದ ಮಾತು: ಉಸಿರಿರುವಷ್ಟು ಹೊತ್ತು, ಎದೆಯಲ್ಲಿರುವ ಬಲವನ್ನೆಲ್ಲ ಹಾಕಿ ಕೂಗುವುದು.

ಹಕ್ಕಿ ನೋಡುವವರ ಮಾತಿನಲ್ಲಿ ಈ ಭೇದಗಳು ಇನ್ನೂ ಖಚಿತ. ಬ್ರಿಟನ್ನಿನ ಹಳ್ಳಿಗರು ಕಣಜ ಗೂಬೆಯನ್ನು ಬಹುಕಾಲದಿಂದ ‘ಸ್ಕ್ರೀಚ್ ಗೂಬೆ’ ಎಂದೇ ಕರೆಯುತ್ತಾ ಬಂದಿದ್ದಾರೆ. ಅದು ಬೇರೆ ಗೂಬೆಗಳ ಹಾಗೆ ‘ಹೂ ಹೂ’ ಎನ್ನುವುದಿಲ್ಲ. ಬುಸುಗುಟ್ಟುವಿಕೆಯೂ ಕಿರುಚಾಟವೂ ಬೆರೆತ, ಬಟ್ಟೆ ಹರಿದಂಥ ಒಂದೇ ದನಿಯನ್ನು ಸುಮಾರು ಎರಡು ಸೆಕೆಂಡು ಎಳೆಯುತ್ತದೆ. ಅಮೆರಿಕದಲ್ಲೂ ಸ್ಕ್ರೀಚ್ ಗೂಬೆ ಎಂಬ ಹೆಸರಿನ ಹಕ್ಕಿಯಿದೆ, ಆದರೆ ಅದರ ಸಾಮಾನ್ಯ ಕೂಗು ಕುದುರೆಮರಿಯ ಕೆನೆತದಂತೆ ಇಳಿಯುತ್ತಾ ಹೋಗುವ ಮೆದು ನಡುಕ; ಹೆಸರಿಗೂ ದನಿಗೂ ಹೊಂದಿಕೆಯಿಲ್ಲ. ಇಂಗ್ಲೆಂಡಿನ ಬೇಸಿಗೆಯ ಸಂಜೆಗಳಲ್ಲಿ ಸ್ವಿಫ್ಟ್ ಹಕ್ಕಿಗಳು ಗುಂಪುಗಟ್ಟಿ ಮಾಡುಗಳ ಮೇಲೆ ಚೀರುತ್ತಾ ಸುತ್ತುವುದನ್ನು ಅಲ್ಲಿನವರು ‘ಸ್ಕ್ರೀಮಿಂಗ್ ಪಾರ್ಟಿ’ ಎನ್ನುತ್ತಾರೆ. ಅದಕ್ಕೆ ಸ್ಕ್ವಾಕ್ ಎಂಬ ಮಾತು ಹೊಂದುವುದೇ ಇಲ್ಲ.

ಸ್ಕ್ವಾಕ್ ಆಕಾಶಕ್ಕೇರಿದ ಕಥೆ ಬೇರೆಯದೇ. ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳಿಗೆ ಒಂದು ರೇಡಿಯೋ ಉಪಕರಣ ಕೂಡಿಸಿದ್ದರು. ನೆಲದ ರೇಡಾರು ‘ನೀನು ಯಾರು’ ಎಂದು ಕೇಳಿದರೆ ಅದು ತಾನಾಗಿ ಉತ್ತರ ಕೊಡುತ್ತಿತ್ತು. ಅದರ ಗುಪ್ತನಾಮ ‘ಪ್ಯಾರಟ್’, ಅಂದರೆ ಗಿಳಿ. ಗಿಳಿಯ ಉತ್ತರ ಸ್ಕ್ವಾಕ್ ಆಗದೆ ಇನ್ನೇನಾದೀತು? ಇವತ್ತಿಗೂ ನಿಯಂತ್ರಣ ಕೇಂದ್ರದವರು ಪೈಲಟ್‌ಗೆ ನಾಲ್ಕು ಅಂಕಿಯ ಸಂಕೇತ ಹೇಳಿ ‘ಸ್ಕ್ವಾಕ್’ ಮಾಡಿ ಎನ್ನುತ್ತಾರೆ. 7700 ಎಂದು ಸ್ಕ್ವಾಕ್ ಮಾಡಿದರೆ ವಿಮಾನ ತುರ್ತು ಸ್ಥಿತಿಯಲ್ಲಿದೆ ಎಂದರ್ಥ. ದೇವನಹಳ್ಳಿಯಲ್ಲಿ ಇಳಿಯುವ ವಿಮಾನಗಳ ಪೈಲಟ್‌ಗಳಿಗೂ ‘ಸ್ಕ್ವಾಕ್’ ದಿನದ ಮಾತು.

ಈ ಬಳಕೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಇಂಗ್ಲಿಷ್ ಕಿವಿ ಮೂರು ಗುಣಗಳನ್ನು ಅಳೆಯುತ್ತಿರುವುದು ಕಾಣುತ್ತದೆ: ದನಿ ಎಷ್ಟು ಎತ್ತರ, ಎಷ್ಟು ಉದ್ದ, ಎಷ್ಟು ಒರಟು. ಎತ್ತರ ಮತ್ತು ಉದ್ದ ನಮಗೆ ಗೊತ್ತಿರುವ ಸಂಗತಿಗಳು. ಆದರೆ ದನಿ ಒರಟು ಎಂದರೇನು? ಕೈಯಲ್ಲಿ ಮುಟ್ಟಿ ನೋಡಲಾಗದ ದನಿಗೆ ಒರಟುತನ ಎಲ್ಲಿಂದ ಬಂತು? ಈ ಗುಣವನ್ನು ಇನ್ನು ಮುಂದೆ ‘ದೊರಗು’ ಎಂದು ಕರೆಯುತ್ತೇನೆ.

ಗಾಳಿಗೆ ಬಿದ್ದ ಸೀರೆ

ಗಂಟಲ ಮೇಲೆ ಎರಡು ಬೆರಳಿಟ್ಟು ‘ಆ’ ಎನ್ನಿ. ಬೆರಳಿಗೆ ತಾಕುವ ಸಣ್ಣ ನಡುಕ ಧ್ವನಿತಂತುಗಳದು. ಹೆಸರು ತಂತು ಎಂದಿದ್ದರೂ ಅವು ವೀಣೆಯ ತಂತಿಗಳಲ್ಲ. ಶ್ವಾಸನಾಳದ ಮೇಲ್ತುದಿಯಲ್ಲಿ ಎದುರುಬದುರಾಗಿರುವ ಎರಡು ಮೆದು ಮಡಿಕೆಗಳು, ಒಂದೆರಡು ಸೆಂಟಿಮೀಟರ್ ಉದ್ದ. ಶ್ವಾಸಕೋಶದಿಂದ ಬರುವ ಗಾಳಿ ಅವನ್ನು ತಳ್ಳಿ ತೆರೆಯುತ್ತದೆ; ಅವು ಮತ್ತೆ ಬಂದು ಕೂಡಿಕೊಳ್ಳುತ್ತವೆ. ಮಾತಾಡುವಾಗ ಗಂಡಸಿನಲ್ಲಿ ಇದು ಸೆಕೆಂಡಿಗೆ ನೂರಕ್ಕಿಂತ ತುಸು ಹೆಚ್ಚು ಬಾರಿ, ಹೆಂಗಸಿನಲ್ಲಿ ಸುಮಾರು 200 ಬಾರಿ ನಡೆಯುತ್ತದೆ. ಎಳೆಗೂಸು ಅಳುವಾಗ 400, 500 ಬಾರಿ.

ಎರಡು ಮಡಿಕೆಗಳೂ ಒಂದೇ ಲಯದಲ್ಲಿ ತೆರೆದು ಮುಚ್ಚುತ್ತಿರುವವರೆಗೆ ದನಿ ನಯವಾಗಿರುತ್ತದೆ. ಹಾಡುಗಾರರ ಇಡೀ ಸಾಧನೆ ಈ ಲಯವನ್ನು ಕಾಪಾಡುವುದಕ್ಕೆ. ಈಗ ಎದೆಯಿಂದ ಮಿತಿಮೀರಿದ ಗಾಳಿ ನುಗ್ಗಿತು, ಭಯಕ್ಕೆ ಗಂಟಲ ಸ್ನಾಯುಗಳು ಬಿಗಿದುಕೊಂಡವು ಎಂದಿಟ್ಟುಕೊಳ್ಳಿ. ಏನಾಗುತ್ತದೆಂದು ತಿಳಿಯಲು ತಂತಿಯ ಮೇಲೆ ಒಣಹಾಕಿದ ಸೀರೆಯನ್ನು ನೋಡಿ. ಮೆಲ್ಲನೆ ಗಾಳಿ ಬೀಸಿದಾಗ ಅದರ ಮೇಲೆ ಅಲೆಗಳು ಒಂದರ ಹಿಂದೊಂದು ಸಮನಾಗಿ ಸಾಗುತ್ತವೆ. ಬಿರುಗಾಳಿ ಎದ್ದರೆ ಅದೇ ಸೀರೆ ಪಟಪಟನೆ ಬಡಿದುಕೊಳ್ಳುತ್ತದೆ. ಮುಂದಿನ ಬಡಿತ ಯಾವಾಗ, ಎಷ್ಟು ಜೋರು ಎಂದು ಹೇಳಲಾಗದು. ಬಟ್ಟೆ ಅದೇ, ತಂತಿ ಅದೇ. ಬದಲಾದದ್ದು ಗಾಳಿಯ ಬಲ ಮಾತ್ರ.

ಧ್ವನಿತಂತುಗಳಲ್ಲೂ ಹೀಗೇ ಆಗುತ್ತದೆ. ಕೆಲವೊಮ್ಮೆ ಒಂದು ಬಡಿತ ಜೋರು, ಮುಂದಿನದು ಮೆಲ್ಲಗೆ ಎಂದು ಜೋಡಿ ಲಯ ಹುಟ್ಟುತ್ತದೆ. ಕೆಲವೊಮ್ಮೆ ಎಡ ಮಡಿಕೆ ಒಂದು ವೇಗದಲ್ಲಿ, ಬಲ ಮಡಿಕೆ ಇನ್ನೊಂದು ವೇಗದಲ್ಲಿ ಕಂಪಿಸತೊಡಗುತ್ತವೆ. ಬಲ ಇನ್ನೂ ಹೆಚ್ಚಿದರೆ ಲಯ ಪೂರ್ತಿ ಕೆಟ್ಟುಹೋಗುತ್ತದೆ. 2002ರಲ್ಲಿ ಟೆಕುಮ್ಸೆ ಫಿಚ್, ಯುರ್ಗೆನ್ ನಾಯ್‌ಬಾವರ್ ಮತ್ತು ಹಾನ್ಸ್‌ಪೀಟರ್ ಹೆರ್ಜೆಲ್ ಎಂಬ ವಿಜ್ಞಾನಿಗಳು ಪ್ರಾಣಿಗಳ ಕೂಗುಗಳಲ್ಲಿ ಈ ಲಯಭಂಗ ಎಷ್ಟು ವ್ಯಾಪಕ ಎಂಬುದನ್ನು ವಿವರವಾಗಿ ಬರೆದರು. ಅದಕ್ಕೆ ಮುಂಚೆ ಇಂಥ ಕೂಗುಗಳನ್ನು ‘ಗದ್ದಲ’ ಎಂದು ಬದಿಗಿಡುವುದೇ ಹೆಚ್ಚಾಗಿತ್ತು. ಅವರ ಲೇಖನದ ಮುಖ್ಯ ಮಾತು ಇಷ್ಟು: ಕಿರುಚುವುದಕ್ಕೆ ಪ್ರಾಣಿಗೆ ಬೇರೆ ಅಂಗವೂ ಬೇಡ, ಬೇರೆ ಕೌಶಲವೂ ಬೇಡ. ಇರುವ ಅಂಗವನ್ನೇ ಅದರ ಹದ ಮೀರಿ ತಳ್ಳಿದರೆ ಸಾಕು.

ಹಕ್ಕಿಗಳ ಧ್ವನಿಯಂಗ ಗಂಟಲಿನಲ್ಲಿಲ್ಲ. ಶ್ವಾಸನಾಳ ಎರಡಾಗಿ ಕವಲೊಡೆಯುವ ಕಡೆ, ಎದೆಯೊಳಗಿದೆ. ಆದರೂ ಗಾಳಿಗೆ ಕಂಪಿಸುವ ಮೆದು ಪದರದ ಕೆಲಸ ಅಲ್ಲಿಯೂ ಒಂದೇ, ಹದ ಮೀರಿದಾಗ ಕೆಡುವ ರೀತಿಯೂ ಒಂದೇ. ಕೋಳಿಯ ಸ್ಕ್ವಾಕ್‌ಗೂ ಮನುಷ್ಯರ ಸ್ಕ್ರೀಮ್‌ಗೂ ಇರುವ ನೆಂಟಸ್ತಿಕೆ ಇದೇ.

ಎಣಿಸಲಾಗದ, ಬೆರೆಯಲೂ ಆಗದ ಬಡಿತಗಳು

ಲಯ ಕೆಟ್ಟರೆ ನಮ್ಮ ಕಿವಿಗೇಕೆ ಚುಚ್ಚಬೇಕು? ಇದಕ್ಕೆ ಒಂದು ಚಿಕ್ಕ ಲೆಕ್ಕ ಸಾಕು.

ಮೇಜಿನ ಮೇಲೆ ಬೆರಳಿಂದ ತಟ್ಟಿ. ಸೆಕೆಂಡಿಗೆ ಐದು ತಟ್ಟು, ಹತ್ತು ತಟ್ಟು. ಒಂದೊಂದೂ ಬೇರೆಯಾಗಿ ಕೇಳುತ್ತದೆ. ಯಾವುದಾದರೂ ಯಂತ್ರ ಇದನ್ನೇ ಸೆಕೆಂಡಿಗೆ 300 ಬಾರಿ ಮಾಡಿದರೆ ತಟ್ಟುಗಳು ಮಾಯವಾಗಿ ಒಂದು ನಯವಾದ ಸ್ವರ ಕೇಳುತ್ತದೆ. ಇವೆರಡರ ನಡುವೆ, ಸುಮಾರು 30ರಿಂದ 150ರವರೆಗೆ, ಒಂದು ವಿಚಿತ್ರ ವಲಯವಿದೆ. ಅಲ್ಲಿ ಬಡಿತಗಳನ್ನು ಎಣಿಸಲೂ ಆಗುವುದಿಲ್ಲ, ಅವು ಪೂರ್ತಿ ಬೆರೆತು ಒಂದಾಗುವುದೂ ಇಲ್ಲ. ಕಿವಿಗೆ ಒಂದು ಗರಗರ, ಒಂದು ಕೊರೆತ ತಾಗುತ್ತದೆ. ಜರ್ಮನಿಯ ವಿಜ್ಞಾನಿ ಹರ್ಮನ್ ಹೆಲ್ಮ್‌ಹೋಲ್ಟ್ಸ್ 1863ರಲ್ಲಿ ಪ್ರಕಟವಾದ ತನ್ನ ದೊಡ್ಡ ಗ್ರಂಥದಲ್ಲಿ ಈ ಕೊರೆತವನ್ನು ಅಳೆದು, ಸೆಕೆಂಡಿಗೆ ಸುಮಾರು 33 ಏರಿಳಿತಗಳಲ್ಲಿ ಅದು ಅತಿ ತೀವ್ರ ಎಂದು ಬರೆದಿದ್ದ. ಅಪಸ್ವರ ಯಾಕೆ ಅಪಸ್ವರ ಎಂಬುದು ಅವನ ಪ್ರಶ್ನೆಯಾಗಿತ್ತು.

ಈಗ ಗಂಟಲಿಗೆ ಹಿಂದಿರುಗೋಣ. ಕಿರುಚುವಾಗ ಎಡ ಮಡಿಕೆ ಸೆಕೆಂಡಿಗೆ 600 ಬಾರಿ, ಬಲದ್ದು 670 ಬಾರಿ ಕಂಪಿಸುತ್ತಿವೆ ಎಂದಿಟ್ಟುಕೊಳ್ಳಿ. ಎರಡೂ ಒಮ್ಮೆ ಕೂಡಿ ದನಿ ಜೋರಾಗುತ್ತದೆ, ಮರುಕ್ಷಣ ಒಂದಕ್ಕೊಂದು ಎದುರಾಗಿ ಕುಗ್ಗುತ್ತದೆ. ಈ ಏರಿಳಿತ ಸೆಕೆಂಡಿಗೆ ಎಷ್ಟು ಬಾರಿ? ಎರಡರ ವ್ಯತ್ಯಾಸದಷ್ಟು, ಅಂದರೆ 70 ಬಾರಿ. ನೇರವಾಗಿ ಆ ವಿಚಿತ್ರ ವಲಯದ ನಡುಮಧ್ಯಕ್ಕೆ ಬಂದು ಬೀಳುತ್ತದೆ. ದೊರಗು ಹುಟ್ಟುವುದು ಹೀಗೆ. ದನಿಯ ಎತ್ತರ ಇದಕ್ಕೆ ಕಾರಣವಲ್ಲ. ಪಾಶ್ಚಾತ್ಯ ಒಪೆರಾದ ಗಾಯಕಿ ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಕಂಪನದ ಸ್ವರ ಹಿಡಿದು ನಿಂತರೂ ಸಭಾಂಗಣದಲ್ಲಿ ಯಾರೂ ಬೆಚ್ಚುವುದಿಲ್ಲ. ಆ ಎತ್ತರದಲ್ಲೂ ಅವಳ ಲಯ ಕೆಟ್ಟಿಲ್ಲ.

2015ರಲ್ಲಿ ಲೂಕ್ ಆರ್ನಾಲ್, ಡೇವಿಡ್ ಪೊಪೆಲ್ ಮತ್ತು ಸಂಗಡಿಗರು ಮನುಷ್ಯರ ಕಿರುಚಾಟವನ್ನು ಈ ಕಣ್ಣಿನಿಂದ ನೋಡಿದರು. ಸಿನಿಮಾಗಳಿಂದ, ಯೂಟ್ಯೂಬ್ ವಿಡಿಯೋಗಳಿಂದ ಕಿರುಚುಗಳನ್ನು ಆರಿಸಿದರು. ಸ್ವಯಂಸೇವಕರನ್ನು ಕೋಣೆಯಲ್ಲಿ ಕೂರಿಸಿ ಕಿರುಚಿಸಿದರು. ಮಾತಿನ ಏರಿಳಿತ ಸೆಕೆಂಡಿಗೆ ನಾಲ್ಕೈದು ಬಾರಿ, ಹೆಚ್ಚುಕಡಿಮೆ ನಾವು ಆಡುವ ಅಕ್ಷರಗಳ ವೇಗ. ದನಿ ಗಂಡಿನದೋ ಹೆಣ್ಣಿನದೋ ಎಂದು ತಿಳಿಸುವುದು ಅದಕ್ಕಿಂತ ಬಹಳ ಮೇಲಿನ, ನೂರಾರು ಕಂಪನಗಳ ವಲಯ. ನಡುವಿನ 30ರಿಂದ 150ರ ಪಟ್ಟಿಯನ್ನು ಮಾತು ಬಳಸುವುದು ಇಲ್ಲವೆನ್ನುವಷ್ಟು ಕಡಿಮೆ. ಕಿರುಚಾಟ ಕೂತಿರುವುದು ಅಲ್ಲಿ. ಕಳ್ಳರ ಭಯಕ್ಕೆ ಮನೆಗೂ ಕಾರಿಗೂ ಹಾಕುವ ಎಚ್ಚರಿಕೆ ಗಂಟೆಗಳೂ ಅದೇ ಪಟ್ಟಿಯಲ್ಲಿವೆ. ದೊರಗು ಹೆಚ್ಚಿದಷ್ಟೂ ಕೇಳುಗರು ಅದನ್ನು ಹೆಚ್ಚು ಭಯಾನಕ ಎಂದರು. ಮಿದುಳಿನಲ್ಲಿ ಭಯ ಮತ್ತು ಎಚ್ಚರಕ್ಕೆ ಸಂಬಂಧಿಸಿದ ಅಮಿಗ್ಡಲಾ ಎಂಬ ಭಾಗ ದೊರಗಿಗೆ ತಕ್ಕಂತೆ ಚುರುಕಾಗುತ್ತಿತ್ತು.

ಈ ಫಲಿತಾಂಶ ನನಗೆ ಬಹಳ ಸುಂದರವಾಗಿ ಕಾಣುತ್ತದೆ. ದಿನವಿಡೀ ಎಷ್ಟು ಮಾತಾಡಿದರೂ ನಾವು ಬಳಸದೆ ಬಿಟ್ಟ ಒಂದು ದಾರಿಯಿದೆ. ಅಪಾಯ ಬಂದಾಗ ಕೂಗು ಯಾರ ಮಾತಿಗೂ ಸಿಕ್ಕಿಕೊಳ್ಳದೆ ಆ ದಾರಿಯಲ್ಲಿ ಹಾಯ್ದು ಬರುತ್ತದೆ. ಸಂತೆಯ ಗದ್ದಲದ ನಡುವೆಯೂ ಮಗು ಕಿರುಚಿದರೆ ತಾಯಿ ತಟ್ಟನೆ ತಿರುಗಿ ನೋಡುವುದು ಇದರಿಂದ.

ಎಲ್ಲ ಕಿರುಚಾಟವೂ ಭಯದ್ದಲ್ಲ ಎಂಬುದನ್ನೂ ಹೇಳಬೇಕು. 2021ರಲ್ಲಿ ಜ್ಯೂರಿಕ್ ವಿಶ್ವವಿದ್ಯಾಲಯದ ಸಾಶಾ ಫ್ರ್ಯೂಹೋಲ್ಟ್ಸ್ ತಂಡ ನೋವು, ಸಿಟ್ಟು, ಭಯ, ಸಂತೋಷ, ದುಃಖ, ಕಾಮ ಎಂದು ಆರು ಬಗೆಯ ಕಿರುಚುಗಳನ್ನು ಕೇಳಿಸಿತು. ಜನ ಸಂತೋಷದಂಥ, ಅಪಾಯವಿಲ್ಲದ ಕಿರುಚುಗಳನ್ನೇ ಬೇಗ ಗುರುತಿಸಿದರು. ಸ್ಕ್ವೀಲ್ ಎಂಬ ಮಾತು ಹಂದಿಮರಿಯ ಸಂಕಟಕ್ಕೂ ಮಗುವಿನ ಖುಷಿಗೂ ಸಲ್ಲುವುದನ್ನು ಇಲ್ಲಿ ನೆನೆಯಬಹುದು.

ಸೀಮೆಸುಣ್ಣ, ಬ್ರೇಕು, ಪಿಟೀಲು

ಸ್ಕ್ರೀಚ್ ಎಂಬುದು ಗೂಬೆಯದೂ ಹೌದು, ಬ್ರೇಕಿನದೂ ಹೌದು. ಗಂಟಲೇ ಇಲ್ಲದ ವಸ್ತುಗಳು ಕಿರುಚುವುದು ಹೇಗೆ?

ಸೀಮೆಸುಣ್ಣವನ್ನು ಹಲಗೆಗೆ ನೇರವಾಗಿ ಒತ್ತಿ ಎಳೆದರೆ ಅದು ಸಲೀಸಾಗಿ ಜಾರುವುದಿಲ್ಲ. ಒಂದು ಕ್ಷಣ ಹಲಗೆಗೆ ಅಂಟಿ ನಿಲ್ಲುತ್ತದೆ. ಕೈ ಎಳೆಯುತ್ತಲೇ ಇರುವುದರಿಂದ ಸುಣ್ಣದ ಕಡ್ಡಿ ಕಾಣದಷ್ಟು ಬಾಗುತ್ತದೆ, ತಡೆಯಲಾರದೆ ಜಾರುತ್ತದೆ, ಮತ್ತೆ ಅಂಟುತ್ತದೆ. ಈ ‘ಅಂಟು-ಜಾರು’ ಸೆಕೆಂಡಿಗೆ ಸಾವಿರಾರು ಬಾರಿ ನಡೆದಾಗ ಕೇಳುವುದೇ ಆ ಮೈ ಜುಮ್ಮೆನ್ನಿಸುವ ಕಿರ್ರ್. ಮೇಷ್ಟ್ರುಗಳಿಗೆ ಇದರ ಉಪಾಯ ಗೊತ್ತು: ಕಡ್ಡಿಯನ್ನು ಎರಡಾಗಿ ಮುರಿದು ಓರೆ ಹಿಡಿದರೆ ಸದ್ದು ನಿಲ್ಲುತ್ತದೆ. ಗಿಡ್ಡ ಕಡ್ಡಿ ಅಷ್ಟು ಸುಲಭವಾಗಿ ಬಾಗಿ ಕಂಪಿಸುವುದಿಲ್ಲ.

ಬಾಗಿಲ ತಿರುಗಣಿ, ಬ್ರೇಕು, ಪಿಟೀಲಿನ ಕಮಾನು, ಎಲ್ಲವೂ ಈ ಅಂಟು-ಜಾರಿನ ಮೇಲೆಯೇ ನಡೆಯುತ್ತವೆ. ವೇಗ ಬದಲಾದಂತೆ ಇಂಗ್ಲಿಷ್ ಹೆಸರೂ ಬದಲಾಗುತ್ತದೆ. ಹಳೆಯ ಮರದ ಬಾಗಿಲನ್ನು ತೀರಾ ನಿಧಾನವಾಗಿ ತೆರೆದರೆ ಒಂದೊಂದು ಜಾರೂ ಬಿಡಿಬಿಡಿಯಾಗಿ ಕೇಳುತ್ತದೆ, ಅದು ‘ಕ್ರೀಕ್’. ತುಸು ಬೇಗ ನೂಕಿದರೆ ಅದೇ ಬಾಗಿಲು ಸ್ಕ್ವೀಕ್ ಎನ್ನುತ್ತದೆ. ಭಾರವಾದ ಕಬ್ಬಿಣದ ಗೇಟನ್ನು ಬಲವಾಗಿ ಎಳೆದು ಲಯವೂ ಕೆಟ್ಟರೆ ಸ್ಕ್ರೀಚ್. ಪಿಟೀಲು ವಾದಕರ ಕೈಯಲ್ಲಿ ಅಂಟು-ಜಾರು ಒಂದೇ ಲಯಕ್ಕೆ ಬಿದ್ದು ಸಂಗೀತವಾಗುತ್ತದೆ. ಹಿಚ್‌ಕಾಕ್ ನಿರ್ದೇಶಿಸಿದ 1960ರ ‘ಸೈಕೋ’ ಚಿತ್ರದ ಸ್ನಾನದ ಮನೆಯ ಕೊಲೆಗೆ ಸಂಗೀತ ಸಂಯೋಜಕ ಬರ್ನಾರ್ಡ್ ಹೆರ್ಮನ್ ಬಳಸಿದ್ದು ಬರೀ ಪಿಟೀಲಿನ ಕುಟುಂಬದ ತಂತಿವಾದ್ಯಗಳನ್ನು. ನೋಡುಗರು ಅದರಲ್ಲಿ ಕೇಳಿದ್ದು ಕಿರುಚಾಟವನ್ನೇ. ಹಿಚ್‌ಕಾಕ್‌ನದೇ 1963ರ ‘ದಿ ಬರ್ಡ್ಸ್’ ಚಿತ್ರದಲ್ಲಿ ಹಕ್ಕಿಗಳ ಕೂಗಿನ ಬಹುಪಾಲು ಟ್ರೌಟೋನಿಯಂ ಎಂಬ ವಿದ್ಯುತ್ ವಾದ್ಯದಲ್ಲಿ ಓಸ್ಕರ್ ಸಾಲಾ ಸೃಷ್ಟಿಸಿದ್ದು. ಅಮೆರಿಕದ ವಿಜ್ಞಾನಿ ಡೇನಿಯಲ್ ಬ್ಲೂಮ್‌ಸ್ಟೀನ್ ಮಾರ್ಮಟ್ ಎಂಬ ಬೆಟ್ಟದ ದಂಶಕಗಳ ಮರಿಗಳನ್ನು ಹಿಡಿದಾಗ ಅವು ಹೊರಡಿಸುವ ಲಯಗೆಟ್ಟ ಚೀತ್ಕಾರವನ್ನು ಅಧ್ಯಯನ ಮಾಡಿದ ಮೇಲೆ 2010ರಲ್ಲಿ ಸಿನಿಮಾ ಧ್ವನಿಪಟ್ಟಿಗಳತ್ತ ತಿರುಗಿದರು. ಭಯಾನಕ ಚಿತ್ರಗಳಲ್ಲಿ ಅದೇ ಲಯಭಂಗ ಎದ್ದು ಕಂಡಿತು.

ಹಲಗೆಯ ಸದ್ದನ್ನು ಪ್ರಯೋಗಶಾಲೆಗೆ ಮೊದಲು ತಂದ ಪ್ರಸಿದ್ಧ ಪ್ರಯತ್ನ 1986ರದು. ಲಿನ್ ಹಾಲ್ಪರ್ನ್, ರಾಂಡಾಲ್ಫ್ ಬ್ಲೇಕ್, ಜೇಮ್ಸ್ ಹಿಲೆನ್‌ಬ್ರಾಂಡ್ ಮೂರು ಹಲ್ಲಿನ ತೋಟದ ಸಲಕರಣೆಯೊಂದನ್ನು ಕಲ್ಲುಹಲಗೆಯ ಮೇಲೆ ಎಳೆದು ಧ್ವನಿಮುದ್ರಿಸಿದರು. ಅತಿ ಎತ್ತರದ ಕಂಪನಗಳನ್ನು ಸೋಸಿ ತೆಗೆದರೂ ಸದ್ದಿನ ಹೇಸಿಕೆ ಕಡಿಮೆಯಾಗಲಿಲ್ಲ. ಅದು ಅಡಗಿದ್ದದ್ದು ಅದಕ್ಕಿಂತ ಕೆಳಗಿನ ಕಂಪನಗಳಲ್ಲಿ. ಮಕಾಕ್ ಕೋತಿಗಳ ಎಚ್ಚರಿಕೆಯ ಕೂಗಿಗೂ ಇದಕ್ಕೂ ಹೋಲಿಕೆಯಿದೆ, ಬಹುಶಃ ನಮ್ಮ ಪೂರ್ವಜರ ನೆನಪು ಇಲ್ಲಿ ಕೆಲಸ ಮಾಡುತ್ತಿದೆ ಎಂದು ಅವರು ಊಹಿಸಿದರು. ಊಹೆ ಬಹಳ ಜನಪ್ರಿಯವಾಯಿತು. ಆದರೆ 2004ರಲ್ಲಿ ಟ್ಯಾಮರಿನ್ ಎಂಬ ಸಣ್ಣ ಕೋತಿಗಳಿಗೆ ಹಲಗೆ ಕೆರೆಯುವ ಸದ್ದನ್ನೂ ಅಷ್ಟೇ ಜೋರಿನ ಬರಿಯ ಮೊರೆತವನ್ನೂ ಕೇಳಿಸಿದಾಗ ಅವು ಯಾವ ಭೇದವನ್ನೂ ತೋರಲಿಲ್ಲ. ಪೂರ್ವಜರ ನೆನಪಿನ ಕಥೆಯನ್ನು ನಾನು ಒಪ್ಪುವುದಿಲ್ಲ. 2012ರಲ್ಲಿ ಬ್ರಿಟನ್ನಿನ ನ್ಯೂಕಾಸಲ್ ವಿಶ್ವವಿದ್ಯಾಲಯದಲ್ಲಿ ಸುಖಬಿಂದರ್ ಕುಮಾರ್ ತಂಡ 74 ಸದ್ದುಗಳನ್ನು ಕೇಳಿಸಿ ಮಿದುಳನ್ನು ಗಮನಿಸಿತು. ಬಾಟಲಿಯ ಮೇಲೆ ಚಾಕು ಎಳೆಯುವ ಸದ್ದು ಎಲ್ಲಕ್ಕಿಂತ ಅಸಹನೀಯ ಎನಿಸಿತು. ಸೆಕೆಂಡಿಗೆ ಸುಮಾರು 2,000ದಿಂದ 5,000 ಕಂಪನಗಳ ನಡುವಿನ ಸದ್ದುಗಳೇ ಹೆಚ್ಚು ಚುಚ್ಚುವವು ಎಂದು ಕಂಡಿತು. ನಮ್ಮ ಕಿವಿ ಅತಿ ಸೂಕ್ಷ್ಮವಾಗಿರುವುದೂ ಆ ವ್ಯಾಪ್ತಿಯಲ್ಲೇ. ಈ ಅಂಕಿಗಳು ನೆನಪಿರಲಿ, ಮುಂದೆ ಬೇಕಾಗುತ್ತವೆ.

ದ್ವೀಪದ ಕೋತಿಗಳಿಗೂ ಐದು ಹೆಸರು ಬೇಕು

ಕಿರುಚಿಗೆ ಹಲವು ಹೆಸರಿರುವುದು ಇಂಗ್ಲಿಷಿನ ಶೋಕಿಯೇ ಎಂದು ಅನುಮಾನ ಬಂದರೆ ಕಾಯೋ ಸ್ಯಾಂಟಿಯಾಗೊಗೆ ಹೋಗಬೇಕು. ಪೋರ್ಟೊ ರಿಕೊದ ತೀರದಾಚೆಯ ಈ ಪುಟ್ಟ ದ್ವೀಪಕ್ಕೆ 1938ರಲ್ಲಿ ಕ್ಲಾರೆನ್ಸ್ ಕಾರ್ಪೆಂಟರ್ ಎಂಬ ವಿಜ್ಞಾನಿ ಭಾರತದಿಂದ ಸುಮಾರು 400 ರೀಸಸ್ ಕೋತಿಗಳನ್ನು ಹಡಗಿನಲ್ಲಿ ಒಯ್ದ. ಅವುಗಳ ಸಂತತಿ ಇಂದಿಗೂ ಅಲ್ಲಿದೆ.

ಸಾರಾ ಮತ್ತು ಹೆರಾಲ್ಡ್ ಗೌಜೌಲ್ಸ್ ಹಾಗೂ ಪೀಟರ್ ಮಾರ್ಲರ್ 1984ರಲ್ಲಿ ಇಲ್ಲಿನ ಮರಿಗಳ ಜಗಳಗಳ ಬಗ್ಗೆ ಬರೆದರು. ಏಟು ತಿಂದ ಮರಿ ಕಿರುಚುವುದು ಎದುರಾಳಿಗೆ ಕೇಳಲೆಂದಲ್ಲ. ದೂರದಲ್ಲಿರುವ ತಾಯಿಯೋ ಬಂಧುವೋ ನೆರವಿಗೆ ಬರಲೆಂದು. ಕಿರುಚಿನಲ್ಲಿ ಅವರು ಐದು ಬಗೆಗಳನ್ನು ಕಂಡರು. ಗುಂಪಿನಲ್ಲಿ ತನಗಿಂತ ಮೇಲಿನ ಸ್ಥಾನದ ಕೋತಿ ಹಿಡಿದು ಕಚ್ಚುತ್ತಿದ್ದರೆ ಮರಿಯ ದನಿ ಪೂರ್ತಿ ಲಯಗೆಟ್ಟ, ಗದ್ದಲದ ಕಿರುಚು. ಕೆಳಸ್ಥಾನದ ಕೋತಿ ಬರಿ ಹೆದರಿಸುತ್ತಿದ್ದರೆ ಏರಿ ಇಳಿಯುವ, ಕಮಾನಿನಾಕಾರದ ನಯವಾದ ಕೂಗು. ಬಂಧುಗಳೊಡನೆ ಕಿತ್ತಾಡುವಾಗ ಮತ್ತೆ ಬೇರೆ. ಧ್ವನಿಮುದ್ರಿಕೆಗಳನ್ನು ಪೊದೆಯಲ್ಲಿ ಅಡಗಿಸಿಟ್ಟ ಸ್ಪೀಕರಿನಿಂದ ಕೇಳಿಸಿದಾಗ ತಾಯಂದಿರು ಎಲ್ಲಕ್ಕಿಂತ ಬಲವಾಗಿ ಸ್ಪಂದಿಸಿದ್ದು ಆ ಗದ್ದಲದ ಕಿರುಚಿಗೆ. ಮಗು ಕಣ್ಣಿಗೆ ಕಾಣದಿದ್ದರೂ ಯಾವ ಜಗಳಕ್ಕೆ ಓಡಬೇಕು, ಯಾವುದಕ್ಕೆ ಬೇಡ ಎಂದು ದನಿಯ ದೊರಗೇ ಅವಕ್ಕೆ ತಿಳಿಸುತ್ತಿತ್ತು. ಎತ್ತರ, ಉದ್ದ, ದೊರಗು: ಇಂಗ್ಲಿಷ್ ಮಾತುಗಳು ಅಳೆಯುವ ಗುಣಗಳನ್ನೇ ಈ ತಾಯಂದಿರೂ ಅಳೆಯುತ್ತಿದ್ದವು.

ಹೆಸರಿನೊಳಗೆ ದನಿ ಸೇರಿದ್ದು ಹೇಗೆ

ಇನ್ನು ಎರಡನೆಯ ಪ್ರಶ್ನೆ. ಸ್ಕ್ರೀಮ್, ಸ್ಕ್ರೀಚ್, ಶ್ರೀಕ್, ಸ್ಕ್ವೀಕ್, ಸ್ಕ್ವೀಲ್, ಐದರಲ್ಲೂ ‘ಈ’ ಇದೆ. ‘ಈ’ ಎನ್ನುವಾಗ ನಾಲಿಗೆ ಮುಂದಕ್ಕೆ ಮೇಲೇರಿ ಬಾಯಿಯ ಮುಂಭಾಗದಲ್ಲಿ ತೀರಾ ಕಿರಿದಾದ ಜಾಗ ಉಳಿಯುತ್ತದೆ. ಕಿರಿದಾದ ಜಾಗ ಎತ್ತರದ ಕಂಪನಗಳನ್ನು ಎತ್ತಿ ಕೊಡುತ್ತದೆ, ಸೆಕೆಂಡಿಗೆ 2,000ಕ್ಕೂ ಮೇಲಿನವನ್ನು. ನ್ಯೂಕಾಸಲ್‌ನವರ ಚುಚ್ಚುವ ವ್ಯಾಪ್ತಿ ಶುರುವಾಗುವುದು ಅಲ್ಲೇ. ಸ್ಕ್ವಾಕ್‌ನಲ್ಲಿರುವ, ‘ಆ’ಗೂ ‘ಓ’ಗೂ ನಡುವಿನ ಸ್ವರದಲ್ಲಿ ನಾಲಿಗೆ ಹಿಂದೆ ಸರಿದು ಬಾಯಿ ಅಗಲವಾಗುತ್ತದೆ, ಸಾವಿರದ ಕೆಳಗಿನ ಕಂಪನಗಳು ಮುಂದಾಗುತ್ತವೆ. ಕಪ್ಪೆಯ ‘ಕ್ರೋಕ್’, ಕಾಗೆಯ ‘ಕಾ’ ಇದೇ ಕಡೆಯವು. ಕೊನೆಯ ವ್ಯಂಜನ ಉದ್ದವನ್ನು ಹೇಳುತ್ತದೆ. ಸ್ಕ್ವೀಕ್, ಸ್ಕ್ವಾಕ್, ಶ್ರೀಕ್ ‘ಕ’ಕಾರಕ್ಕೆ ಬಂದು ಬಾಗಿಲು ಹಾಕಿದಂತೆ ನಿಲ್ಲುತ್ತವೆ. ಸ್ಕ್ರೀಮ್, ಸ್ಕ್ವೀಲ್ ಎಂದು ಎಷ್ಟು ಹೊತ್ತು ಬೇಕಾದರೂ ಎಳೆಯಬಹುದು.

ಆರಂಭದ ‘ಸ್ಕ್ರ’ಕ್ಕೆ ಬಂದರೆ, ಕೆರೆ, ಪರಚು, ಉಜ್ಜು ಎಂಬ ಅರ್ಥದ ಸ್ಕ್ರೇಪ್, ಸ್ಕ್ರ್ಯಾಚ್, ಸ್ಕ್ರಬ್ ಕೂಡ ಅದೇ ಗುಂಪಿನಲ್ಲಿವೆ. ಒಂದು ಸದ್ದು ಹಲವು ಮಾತುಗಳಲ್ಲಿ ಒಂದೇ ಅರ್ಥದ ಛಾಯೆ ಹೊತ್ತು ಬರುವುದನ್ನು ಬ್ರಿಟನ್ನಿನ ಭಾಷಾವಿಜ್ಞಾನಿ ಜೆ.ಆರ್. ಫರ್ತ್ 1930ರಲ್ಲಿ ಗುರುತಿಸಿ ಹೆಸರಿಟ್ಟ. ಕನ್ನಡದಲ್ಲಿ ‘ಸುಳಿವುಸದ್ದು’ ಎನ್ನಬಹುದು. ಅದು ಸುಳಿವು ಮಾತ್ರ, ನಿಯಮವಲ್ಲ. ಸ್ಕ್ರೀನ್, ಸ್ಕ್ರಿಪ್ಟ್, ಸ್ಕ್ರೂ ಇವುಗಳಲ್ಲಿ ಕಿರುಚಾಟವೂ ಇಲ್ಲ, ಕೆರೆತವೂ ಇಲ್ಲ.

ಇಷ್ಟು ನೋಡಿ ಈ ಮಾತುಗಳೆಲ್ಲ ನೇರವಾಗಿ ಪ್ರಕೃತಿಯಿಂದ ಇಳಿದವು ಎಂದುಕೊಳ್ಳಬಾರದು. ಹಳೆಯ ಇಂಗ್ಲಿಷಿನಲ್ಲಿ ‘ಸ್ಕ’ಕಾರ ಸವೆದು ‘ಶ’ಕಾರವಾಗಿತ್ತು. ಒಂಬತ್ತನೆಯ ಶತಮಾನದಿಂದ ಬಂದು ನೆಲೆಸಿದ ವೈಕಿಂಗರ ನುಡಿಯಲ್ಲಿ ‘ಸ್ಕ’ ಹಾಗೇ ಉಳಿದಿತ್ತು. ಹೀಗಾಗಿ ಒಂದೇ ಬೇರಿನ ಮಾತು ಎರಡು ರೂಪದಲ್ಲಿ ಉಳಿದದ್ದುಂಟು. ನಾವು ದಿನಾ ಹೇಳುವ ಶರ್ಟು, ಸ್ಕರ್ಟು ಅಂಥ ಜೋಡಿ. ಶ್ರೀಕ್, ಸ್ಕ್ರೀಚ್ ಕೂಡ ಹೀಗೆ ಕವಲೊಡೆದ ಒಂದೇ ಬಳಗದವು. ‘ಈ’ಕಾರದ ಕಥೆ ಇನ್ನೂ ಸ್ವಾರಸ್ಯದ್ದು. 1400ರ ಸುಮಾರಿಗೆ ಸ್ಕ್ರೀಮ್‌ನ ಉಚ್ಚಾರ ‘ಸ್ಕ್ರೇಮ್’ಗೆ ಹತ್ತಿರವಿತ್ತು. ಮುಂದಿನ ಎರಡು ಮೂರು ಶತಮಾನಗಳಲ್ಲಿ ಇಂಗ್ಲಿಷಿನ ದೀರ್ಘಸ್ವರಗಳೆಲ್ಲ ಸಾಲಾಗಿ ಸ್ಥಾನ ಬದಲಿಸಿದಾಗ ಅದಕ್ಕೆ ‘ಈ’ ಒದಗಿತು. ಅದೇ ಬದಲಾವಣೆ ಇನ್ನೊಂದು ಮಾತನ್ನು ಕೆಡಿಸಿತು: ಮರಿಹಕ್ಕಿಯ ದನಿಗೆ ಹೇಳುತ್ತಿದ್ದ ‘ಪೀಪ್’ನಂಥ ಮಾತು ‘ಪೈಪ್’ ಆಗಿಹೋಯಿತು. ಪೈಪ್ ಎಂದರೆ ಯಾವ ಮರಿಯ ದನಿಯೂ ಕಿವಿಗೆ ಬರುವುದಿಲ್ಲ. ಆದರೆ ಇಂಗ್ಲಿಷಿನವರು ಹಕ್ಕಿಮರಿಗೆ ‘ಪೀಪ್’ ಎಂಬ ಮಾತನ್ನು ಉಳಿಸಿಕೊಂಡರು. ಕಿವಿಗೆ ಹೊಂದುವ ಮಾತನ್ನು ಭಾಷೆ ಹೀಗೆ ಮತ್ತೆ ಮತ್ತೆ ಆರಿಸಿ ಇಟ್ಟುಕೊಳ್ಳುತ್ತದೆ ಎಂದು ನನಗನ್ನಿಸುತ್ತದೆ.

‘ರ’ಕಾರದ ನಡುಕ

ಕೊನೆಗೆ ಉಳಿದದ್ದು ‘ರ’. ನಾಲಿಗೆಯ ತುದಿ ಹಲ್ಲಿನ ಹಿಂದೆ ಬಡಿದಾಡುವಂತೆ ‘ರ್ರ್ರ್’ ಎಂದು ಎಳೆದು ಹೇಳಿ. ಆ ಬಡಿತ ಸೆಕೆಂಡಿಗೆ ಸುಮಾರು 25ರಿಂದ 30. ದೊರಗಿನ ವಲಯ ಶುರುವಾಗುವ ಹೊಸ್ತಿಲಲ್ಲೇ ಅದು ನಿಂತಿದೆ! ಗಂಟಲನ್ನು ಹದ ಮೀರಿ ತಳ್ಳದೆ, ಯಾರನ್ನೂ ಭಯಪಡಿಸದೆ, ದೊರಗನ್ನು ತೋರಿಸಲು ಬಾಯಿಗೆ ಇರುವ ಸುಲಭ ದಾರಿ ಇದು.

2022ರಲ್ಲಿ ಬೋಡೊ ವಿಂಟರ್ ಮತ್ತು ಸಂಗಡಿಗರು 332 ಭಾಷೆಗಳಲ್ಲಿ ‘ಒರಟು’ ಮತ್ತು ‘ನಯ’ ಎಂಬ ಅರ್ಥದ ಮಾತುಗಳನ್ನು ಹೋಲಿಸಿದರು. ನಾಲಿಗೆ ನಡುಗಿಸುವ ‘ರ’ ಇರುವ ಭಾಷೆಗಳಲ್ಲಿ ಒರಟು ಎಂಬ ಅರ್ಥದ ಮಾತಿನಲ್ಲಿ ‘ರ’ ಬರುವ ಸಂಭವ ಸ್ಪಷ್ಟವಾಗಿ ಹೆಚ್ಚು. ಕನ್ನಡದಲ್ಲಿ ಒರಟು, ದೊರಗು, ಗರಗಸ ಒಂದು ಕಡೆ. ನಯ, ನುಣುಪು, ಮೆದು ಇನ್ನೊಂದು ಕಡೆ. ಸಂಸ್ಕೃತದಿಂದ ಬಂದ ‘ಮೃದು’ವನ್ನು ನಾವು ‘ಮ್ರುದು’ ಎಂದೇ ಹೇಳುವುದರಿಂದ ಅದು ಈ ಸಾಲಿಗೆ ಸೇರುವುದಿಲ್ಲ.

ಇವತ್ತು ಲಂಡನ್ನಿನವರು ಸ್ಕ್ರೀಚ್ ಎನ್ನುವಾಗ ಅವರ ನಾಲಿಗೆ ಎಲ್ಲಿಯೂ ಬಡಿಯುವುದಿಲ್ಲ; ಅವರ ‘ರ’ ಬರಿ ಒಂದು ಮೆಲ್ಲನೆಯ ಬಾಗು. ಹಿಂದೆ ಹೀಗಿರಲಿಲ್ಲ. ನಾಟಕಕಾರ ಬೆನ್ ಜಾನ್ಸನ್‌ನ ಇಂಗ್ಲಿಷ್ ವ್ಯಾಕರಣ 1640ರಲ್ಲಿ ಅಚ್ಚಾಯಿತು. ಅದರಲ್ಲಿ ‘ರ’ವನ್ನು ನಾಯಿಯ ಅಕ್ಷರ, ನಾಲಿಗೆ ನಡುಗಿಸಿ ಗುರುಗುಟ್ಟುವಂತೆ ಹೇಳಬೇಕಾದದ್ದು ಎಂದು ವರ್ಣಿಸಿದ್ದಾನೆ. ಸ್ಕ್ರೀಮ್, ಸ್ಕ್ರೀಚ್, ಶ್ರೀಕ್ ಇಂಗ್ಲಿಷಿನಲ್ಲಿ ಬೇರೂರಿದ್ದು ಆ ನಡುಗುವ ‘ರ’ ಇನ್ನೂ ಬದುಕಿದ್ದ ಕಾಲದಲ್ಲಿ. ಅವು ರೂಪುಗೊಂಡ ಬಾಯಿಗಳಲ್ಲಿ ದೊರಗು ನಿಜವಾಗಿಯೂ ಕೇಳುತ್ತಿತ್ತು. ನಾಲಿಗೆ ಹೊರಳಿಸಿ ‘ರ’ ಹೇಳುವ ನಮ್ಮವರು ಸ್ಕ್ರೀಚ್ ಎಂದು ಒತ್ತಿ ಹೇಳಿದಾಗ ಅದು ಇವತ್ತಿಗೂ ಕೇಳುತ್ತದೆ. ಇಂಗ್ಲಿಷ್ ತರಗತಿಗಳಲ್ಲಿ ತಪ್ಪು ಎಂದು ತಿದ್ದಿಸಿಕೊಳ್ಳುವ ಆ ಉಚ್ಚಾರ ಜಾನ್ಸನ್‌ನ ಕಾಲದ ಇಂಗ್ಲಿಷಿಗೆ ಲಂಡನ್ನಿನ ಇಂದಿನ ಉಚ್ಚಾರಕ್ಕಿಂತ ಹತ್ತಿರದ್ದು.